ಮಣ್ಣಿಗೆ ಊಟ ಹಾಕಿದ ಮೇಷ್ಟ್ರು ಕಾರ್ವರ್



ನಮ್ಮ ಗೋಡೆ ಪತ್ರಿಕೆಯಲ್ಲಿ ರಾಜರು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ತುಂಬಾ ಸಲ ಬಂದಿದೆ. ಈ ಸಲ ನಾನು ಮಣ್ಣಿನ ವಿಜ್ಞಾನಿಯೊಬ್ಬರ ಜೀವನ ಬರೆದಿದ್ದೇನೆ. ಅವರ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಕಾರ್ವರ್ ಅವರು ಅಮೇರಿಕಾದ ಮಿಸ್ಸೌರಿ ರಾಜ್ಯದಲ್ಲಿ 1864ರ ಸುಮಾರಿಗೆ ಹುಟ್ಟಿದರು. ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಯಾಕೆಂದರೆ ಅವರ ತಾಯಿ ಮೇರಿ ಗುಲಾಮರಾಗಿದ್ದರು. ಆಗ ಅಲ್ಲಿ ಕಪ್ಪು ಜನರನ್ನು ಸಂತೆಯಲ್ಲಿ ದನ ಮಾರಿದಂತೆ ಮಾರುತ್ತಿದ್ದರು. ಇವರು ಕೂಸಾಗಿದ್ದಾಗ ದರೋಡೆಕೋರರು ತಾಯಿ ಮಗು ಇಬ್ಬರನ್ನೂ ಹೊತ್ತುಕೊಂಡು ಹೋದರು. ಮಗು ವಾಪಸ್ ಸಿಕ್ಕಿತು, ತಾಯಿ ಸಿಗಲೇ ಇಲ್ಲ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಯಜಮಾನ ಮೋಸೆಸ್ ಕಾರ್ವರ್ ಮತ್ತು ಅವರ ಹೆಂಡತಿ ಸೂಸನ್ ಹುಡುಗನನ್ನು ಸಾಕಿದರು.

ಜಾರ್ಜ್ ಚಿಕ್ಕಂದಿನಲ್ಲಿ ಬಹಳ ಬಡಕಲು. ಹೊಲದ ಕೆಲಸ ಆಗುತ್ತಿರಲಿಲ್ಲ. ಕಾಡಲ್ಲಿ ಅಲೆದು ಗಿಡ ತಂದು ನೆಡುತ್ತಿದ್ದರು. ಬಾಡಿದ ಗಿಡ ಚಿಗುರಿಸುತ್ತಿದ್ದರಿಂದ ಊರವರು ಗಿಡದ ಡಾಕ್ಟರ್ ಅಂತ ಕರೆದರು. ಹತ್ತಿರದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಅದಕ್ಕೆ ನಮ್ಮಷ್ಟೇ ವಯಸ್ಸಿನಲ್ಲಿ ಮನೆ ಬಿಟ್ಟು, ನಿಯೋಶೊ ಎಂಬ ಊರಿಗೆ ಹೋಗಿ ಓದಿದರು. ಆಮೇಲೆ ಅಡಿಗೆ ಮಾಡಿ, ಬಟ್ಟೆ ಒಗೆದು ಹೊಟ್ಟೆ ಹೊರೆದರು. ಒಂದು ಕಾಲೇಜಿನವರು ಸೀಟು ಕೊಟ್ಟು, ಮುಖ ನೋಡಿದ ಮೇಲೆ ಬಣ್ಣದ ಕಾರಣಕ್ಕೆ ಬೇಡವೆಂದರು. ಆದರೂ ಬಿಡದೆ ಅಯೋವಾ ರಾಜ್ಯದ ಕೃಷಿ ಕಾಲೇಜಿನಲ್ಲಿ 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ ಇವರೇ.

1896ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರು ಅಲಬಾಮಾ ರಾಜ್ಯದ ಟಸ್ಕೆಗೀ ಶಾಲೆಗೆ ಇವರನ್ನು ಕರೆಸಿಕೊಂಡರು. ಅಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಹೆಚ್ಚಿನ ಜನಕ್ಕೆ ಸ್ವಂತ ಜಮೀನು ಇರಲಿಲ್ಲ. ಬೇರೆಯವರ ಹೊಲ ವಾರಕ್ಕೆ ಮಾಡುತ್ತಿದ್ದರು. ಎಲ್ಲರೂ ವರ್ಷ ವರ್ಷ ಹತ್ತಿಯನ್ನೇ ಬೆಳೆದು ಮಣ್ಣು ಸತ್ವ ಕಳೆದುಕೊಂಡಿತ್ತು. ಅಂಗಡಿ ಗೊಬ್ಬರ ಕೊಳ್ಳಲು ಅವರ ಹತ್ತಿರ ಕಾಸಿಲ್ಲ.

ಕಾಸಿಲ್ಲದವರು ಮಣ್ಣಿಗೆ ಏನು ಹಾಕಬೇಕು? ಇದೇ ಕಾರ್ವರ್ ಅವರ ದೊಡ್ಡ ಪ್ರಶ್ನೆ. ಅವರು ಶಾಲೆಯ ಬರಡು ಹೊಲದಲ್ಲೇ ಪ್ರಯೋಗ ಮಾಡಿದರು. ಕಾಡಿನ ತರಗೆಲೆ, ಜೌಗಿನ ಕೊಳೆತ ಮಣ್ಣು ಹೊರಿಸಿದರು. ನಮ್ಮ ಕಡೆ ಕೆರೆ ಗೋಡು ಹೊಡೆಸ್ತಾರಲ್ಲ, ಹಾಗೆ. ಜೊತೆಗೆ ಅಲಸಂದೆ ಬಿತ್ತಿಸಿದರು. ಅಲಸಂದೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅದರಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡವನ್ನು ಮಣ್ಣಿಗೆ ಸೇರಿಸಿದರೆ ಅದೇ ಗೊಬ್ಬರ. ಕಾಳು ಮನೆಗೆ, ಸೊಪ್ಪು ಸದೆ ಹೊಲಕ್ಕೆ. ಇದನ್ನೆಲ್ಲ 1905ರಲ್ಲಿ ಸವೆದ ಮಣ್ಣನ್ನು ಸರಿ ಮಾಡುವ ಬಗ್ಗೆ ಸರಳ ಭಾಷೆಯ ಪುಸ್ತಿಕೆಯಲ್ಲಿ ಬರೆದರು. 1906ರಲ್ಲಿ ಗಾಡಿಯಲ್ಲಿ ಸಾಮಾನು ತುಂಬಿ ಹಳ್ಳಿ ಹಳ್ಳಿಗೆ ಪಾಠ ಕಳಿಸುವ ಏರ್ಪಾಡಾಯಿತು. ಹತ್ತಿಗೆ ಹುಳ ಬಿದ್ದು ಬೆಳೆ ಹಾಳಾದಾಗ ಕಡ್ಲೆಕಾಯಿ ಬೆಳೆಯಲು ಹೇಳಿದರು. 1916ರಲ್ಲಿ ಕಡ್ಲೆಕಾಯಿಯ 105 ಅಡಿಗೆಗಳನ್ನು ಬರೆದರು.

ಅವರು ಮದುವೆಯಾಗಲಿಲ್ಲ, ದುಡ್ಡಿಗೆ ಆಸೆ ಪಡಲಿಲ್ಲ. ಉಳಿಸಿದ ಹಣವನ್ನು ಸಂಶೋಧನೆಗೆ ಕೊಟ್ಟರು. 1943ರ ಜನವರಿ 5ರಂದು ಟಸ್ಕೆಗೀಯಲ್ಲೇ ತೀರಿಕೊಂಡರು.

ಇವರ ಕತೆ ನಮಗ್ಯಾಕೆ ಅಂತ ಕೇಳಬಹುದು. ಕಡೂರು, ತರೀಕೆರೆ, ಅಜ್ಜಂಪುರ ಕಡೆ ರಾಗಿ ಹೊಲದಲ್ಲಿ ಹಿರಿಯರು ಅಕ್ಕಡಿ ಸಾಲಿಗೆ ಅವರೆ, ಅಲಸಂದೆ ಹಾಕುತ್ತಾ ಬಂದಿದ್ದಾರೆ. ಆದರೆ ಎಷ್ಟೋ ತೆಂಗಿನ ತೋಟಗಳಲ್ಲಿ ಮರದ ಬುಡ ಬೋಳು. ಮಳೆ ಹೊಡೆದರೆ ಕೆಂಪು ಮಣ್ಣು ಕೊಚ್ಚಿಹೋಗುತ್ತೆ, ಬಿಸಿಲಿಗೆ ಗಟ್ಟಿಯಾಗುತ್ತೆ. ನಮ್ಮನೇಲಿ ಈಗ ಎತ್ತಿಲ್ಲ, ಒಂದೇ ಹಸು. ತಿಪ್ಪೆ ಗೊಬ್ಬರ ಅರ್ಧ ತೋಟಕ್ಕೂ ಸಾಲದು. ಲೋಡುಗಟ್ಟಲೆ ತರಿಸೋಕೆ ಅಪ್ಪನ ಹತ್ತಿರ ದುಡ್ಡಿಲ್ಲ. ಮಾರೋಕಾಗದ ಸೆಣಬನ್ನು ಯಾಕೆ ಬೆಳೀಬೇಕು, ಮರಕ್ಕೇ ನೀರಿಲ್ಲ ಅಂತ ಅಪ್ಪ ಅಂದರು. ಅದೂ ನಿಜ. ಬೇಸಿಗೆಯಲ್ಲಿ ಬೆಳೆದರೆ ಅದೂ ನೀರು ಕುಡಿಯುತ್ತೆ. ಅದಕ್ಕೆ ಮುಂಗಾರಲ್ಲಿ ಬಿತ್ತಬೇಕು. ಹೂ ಬರೋ ಹೊತ್ತಿಗೆ, ನೆಲ ಹಸಿ ಇರುವಾಗಲೇ ಕಿತ್ತು ಮಣ್ಣಿಗೆ ಮುಚ್ಚಬೇಕು. ಒಂದು ತೆಂಗಿನ ಪಾತಿಗೆ 100 ಗ್ರಾಂ ಅಲಸಂದೆ ಬೀಜ ಸಾಕು. ಈ ಸಲ ನಾಲ್ಕು ಮರಕ್ಕೆ ಹಾಕಿ ನೋಡೋಣ ಅಂತ ಅಪ್ಪ ಒಪ್ಪಿದ್ದಾರೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹೇಳಿ. ನಮ್ಮ ಶಾಲೆಯ ತೆಂಗಿನ ಸಸಿಗಳಿಗೂ ನಾವೇ ಬಿತ್ತಬಹುದು. ಗುರುಗಳು ಅಪ್ಪಣೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಹಿಡಿ ಬೀಜ ನಾನು ತರುತ್ತೇನೆ.

– 7ನೇ ತರಗತಿ