ರೆನೆ ಲೆವೆಕ್: ಭಾಷೆ, ವಲಸೆ ಮತ್ತು ಸ್ವಾತಂತ್ರ್ಯದ ಪ್ರಶ್ನೆ

ಸ್ವತಂತ್ರವಾಗಬಯಸುವ ನಾಡು ಹೊರಗಿನಿಂದ ಬಂದು ನೆಲೆಸುವವರನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆಯು ಕೆನಡಾದ ಕ್ವಿಬೆಕ್ ಪ್ರಾಂತದ ನಾಯಕ ರೆನೆ ಲೆವೆಕ್ (1922-1987) ಅವರ ರಾಜಕೀಯ ಜೀವನದುದ್ದಕ್ಕೂ ಹಾಸುಹೊಕ್ಕಾಗಿದೆ. ಅವರು ಬೆಳೆದ ನ್ಯೂ ಕಾರ್ಲೈಲ್ ಎಂಬ ಪುಟ್ಟ ಊರಿನಲ್ಲಿ ಇಂಗ್ಲಿಷ್ ಅನುಕೂಲಸ್ಥರ ಭಾಷೆಯಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯೊಡನೆ ವರದಿಗಾರರಾಗಿದ್ದ ಅವರು 1945ರಲ್ಲಿ ಡಖಾವ್ ಯಾತನಾಶಿಬಿರವನ್ನು ಕಣ್ಣಾರೆ ಕಂಡರು. ಭಾಷಿಕ ಅಸಮಾನತೆಯ ಅರಿವು, ಜನಾಂಗದ್ವೇಷದ ಪರಿಣಾಮದ ಅರಿವು ಇವೆರಡೂ ಹೀಗೆ ಅವರಿಗೆ ಅನುಭವದಿಂದಲೇ ದೊರೆತಿದ್ದವು.

1960ರಲ್ಲಿ ಲಿಬರಲ್ ಪಕ್ಷದಿಂದ ಶಾಸನಸಭೆಗೆ ಆಯ್ಕೆಯಾದ ಲೆವೆಕ್, ಸಚಿವರಾಗಿ ವಿದ್ಯುತ್ ಕಂಪನಿಗಳ ರಾಷ್ಟ್ರೀಕರಣವನ್ನು ಸಾಧಿಸಿದರು. 1967ರಲ್ಲಿ ಆ ಪಕ್ಷವನ್ನು ತೊರೆದು, ಮರುವರ್ಷ ಪಾರ್ಟಿ ಕೆಬೆಕ್ವಾ ಪಕ್ಷವನ್ನು ಕಟ್ಟಿದರು. ರಾಜಕೀಯ ಸ್ವಾತಂತ್ರ್ಯ, ಕೆನಡಾದೊಡನೆ ಆರ್ಥಿಕ ಸಹಯೋಗ ಎಂಬುದು ಅದರ ಗುರಿಯಾಗಿತ್ತು.

ಆ ವೇಳೆಗೆ ಫ್ರೆಂಚ್ ಭಾಷಿಕರ ಜನನ ಪ್ರಮಾಣ ವೇಗವಾಗಿ ಕುಸಿಯುತ್ತಿತ್ತು. ಮಾಂಟ್ರಿಯಲ್‌ಗೆ ಬಂದ ವಲಸಿಗರಲ್ಲಿ ಬಹುಪಾಲು ಜನ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸುತ್ತಿದ್ದರು. ಉದ್ಯೋಗವು ಇಂಗ್ಲಿಷಿನಲ್ಲಿದ್ದುದರಿಂದ ಆ ಆಯ್ಕೆ ಸಹಜವೇ ಆಗಿತ್ತು. ಸೇಂಟ್ ಲಿಯೊನಾರ್ಡ್‌ನಲ್ಲಿ ಇಟಾಲಿಯನ್ ವಲಸಿಗರ ಮಕ್ಕಳ ಶಿಕ್ಷಣ ಮಾಧ್ಯಮದ ವಿವಾದವು 1969ರಲ್ಲಿ ಬೀದಿ ಘರ್ಷಣೆಗೆ ತಿರುಗಿತು. ಮಾಧ್ಯಮದ ಆಯ್ಕೆಯನ್ನು ಪೋಷಕರಿಗೆ ಬಿಟ್ಟ ಅದೇ ವರ್ಷದ ಕಾಯಿದೆಯನ್ನು ಲೆವೆಕ್ ವಿರೋಧಿಸಿದರು.

1976ರ ನವೆಂಬರ್ 15ರಂದು ಅವರ ಪಕ್ಷ ಅಧಿಕಾರಕ್ಕೆ ಬಂದಿತು. 1977ರ ಫ್ರೆಂಚ್ ಭಾಷಾ ಸನ್ನದು ವಲಸಿಗರ ಮಕ್ಕಳಿಗೆ ಫ್ರೆಂಚ್ ಶಾಲೆಯನ್ನು ಕಡ್ಡಾಯಗೊಳಿಸಿತು. ಸಚಿವ ಕಮೀಲ್ ಲೊರಾಂ ರೂಪಿಸಿದ ಈ ಸನ್ನದಿನ ಕಾಠಿಣ್ಯದ ಬಗೆಗೆ ಲೆವೆಕ್ ಅವರಿಗೆ ಅಳುಕಿತ್ತು. ಭಾಷೆಯ ಉಳಿವಿಗೆ ಶಾಸನದ ಆಸರೆ ಬೇಕಾಗುವುದನ್ನೇ ಅವರು ನಾಡಿನ ದೌರ್ಬಲ್ಯವೆಂದು ಭಾವಿಸಿದ್ದರು. ಅನ್ಯ ಪ್ರಾಂತಗಳಿಂದ ಬರುವ ಇಂಗ್ಲಿಷ್ ಭಾಷಿಕರ ಮಕ್ಕಳಿಗೆ ಪರಸ್ಪರ ಒಪ್ಪಂದದ ಮೂಲಕ ವಿನಾಯಿತಿ ನೀಡಲು ಅವರು ಮುಂದಾದರೂ ಆ ಪ್ರಾಂತಗಳು ಒಪ್ಪಲಿಲ್ಲ. ಅಂಥವರನ್ನು ಹೊರಗಿಟ್ಟ ನಿಯಮವನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ತಳ್ಳಿಹಾಕಿತು.

1978ರ ಕಲೆನ್-ಕುಟ್ಯೂರ್ ಒಪ್ಪಂದದಿಂದ, ಸ್ವತಂತ್ರವಾಗಿ ಅರ್ಜಿ ಸಲ್ಲಿಸುವ ವಲಸಿಗರನ್ನು ತನ್ನದೇ ಮಾನದಂಡದಂತೆ ಆಯ್ದುಕೊಳ್ಳುವ ಅಧಿಕಾರ ಕ್ವಿಬೆಕ್‌ಗೆ ದೊರೆಯಿತು. ಸ್ವತಂತ್ರ ರಾಷ್ಟ್ರವೊಂದರ ಮುಖ್ಯ ಅಧಿಕಾರದ ಒಂದು ಭಾಗ ಕೆನಡಾದ ಚೌಕಟ್ಟಿನೊಳಗೇ ಕೈಗೂಡಿತೆಂಬುದು ಇಲ್ಲಿನ ವೈರುಧ್ಯ. ಪ್ರತ್ಯೇಕತೆಯ ಅಗತ್ಯವನ್ನು ಸಾರಿದ ಸರ್ಕಾರವೇ ಒಕ್ಕೂಟದಲ್ಲಿ ಹೊಂದಾಣಿಕೆ ಸಾಧ್ಯವೆಂಬುದಕ್ಕೂ ನಿದರ್ಶನ ಒದಗಿಸಿತು.

1980ರ ಮೇ 20ರ ಜನಮತಗಣನೆಯಲ್ಲಿ, ಸ್ವಾತಂತ್ರ್ಯದ ಮಾತುಕತೆಗೆ ಸಮ್ಮತಿ ಕೋರಿದ ಪ್ರಸ್ತಾವವನ್ನು ಸುಮಾರು ಶೇಕಡ 60 ಮತದಾರರು ತಿರಸ್ಕರಿಸಿದರು. ಕ್ವಿಬೆಕ್‌ನಲ್ಲಿ ನೆಲೆಸಿದ್ದ ಕೆನಡಾದ ವಯಸ್ಕ ಪೌರರಿಗೆ ಮೂಲದ ಭೇದವಿಲ್ಲದೆ ಮತದ ಹಕ್ಕಿತ್ತು; ವಲಸಿಗ ಸಮುದಾಯಗಳ ಬಹುಪಾಲು ಪ್ರಸ್ತಾವದ ವಿರುದ್ಧ ನಿಂತಿತು. ಲೆವೆಕ್ 1985ರಲ್ಲಿ ಅಧಿಕಾರ ತೊರೆದು, 1987ರ ನವೆಂಬರ್ 1ರಂದು ನಿಧನರಾದರು.

ಶಾಲೆಯ ಮೂಲಕ ವಲಸಿಗರ ಮುಂದಿನ ಪೀಳಿಗೆ ಫ್ರೆಂಚನ್ನು ಕಲಿಯಿತು. ಆದರೆ ಭಾಷೆಯನ್ನು ಕಲಿತ ಮಾತ್ರಕ್ಕೆ ಸ್ವಾತಂತ್ರ್ಯದ ಆಶಯವನ್ನೂ ಸ್ವೀಕರಿಸಬೇಕೆಂದಿರಲಿಲ್ಲ. ಭಾಷಾನೀತಿಯ ಯಶಸ್ಸು ಮತ್ತು ರಾಷ್ಟ್ರೀಯತೆಯ ಯಶಸ್ಸು ಒಂದೇ ಅಲ್ಲವೆಂಬುದನ್ನು ಲೆವೆಕ್ ಅವರ ಜೀವನ ಸ್ಪಷ್ಟಪಡಿಸುತ್ತದೆ.