ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಪುಷ್ಯ ಬಹುಳ ಪಂಚಮಿಯಂದು ಅಜ್ಜಿ ಬೆಳಗ್ಗೆಯೇ ರೇಡಿಯೋ ಮುಂದೆ ಕೂರುತ್ತಾರೆ. ತಿರುವಯ್ಯಾರಿನ ಪಂಚರತ್ನ ಗಾಯನ ಮುಗಿಯುವವರೆಗೆ ಯಾರಿಗೂ ಕಾಫಿಯಿಲ್ಲ. ಅಲ್ಲಿ ತ್ಯಾಗರಾಜ ಸ್ವಾಮಿಗಳ ಸಮಾಧಿಗೆ ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಹೆಣ್ಣುಮಗಳೆಂದು ನಾನು ಅರಿತದ್ದು ದುರ್ಗಕ್ಕೆ ಓದಲು ಬಂದ ಮೇಲೆ. ಆಗ ನನಗುಂಟಾದ ಆಶ್ಚರ್ಯ ಅಷ್ಟಿಷ್ಟಲ್ಲ.

ನಾಗರತ್ನಮ್ಮನವರು 1878ರಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ಸಂಗೀತವೇ ಆ ಮನೆಯ ಆಸ್ತಿ, ಅದೇ ಜೀವನೋಪಾಯ. ಮೈಸೂರಿನ ವಿದ್ವಾಂಸರೊಬ್ಬರು ಬಾಲೆಗೆ ಸಂಸ್ಕೃತ, ಸಂಗೀತಗಳ ಪಾಠ ಆರಂಭಿಸಿ, ಮುನಿಸಿನಿಂದ ನಡುವೆಯೇ ಕೈಬಿಟ್ಟರು. ತಾಯಿ ಎದೆಗುಂದಲಿಲ್ಲ. ಮಗಳು ವಿದುಷಿಯೆನಿಸುವವರೆಗೆ ಮೈಸೂರಿಗೆ ಕಾಲಿಡೆನೆಂದು ಪಣ ತೊಟ್ಟು ಊರು ಬಿಟ್ಟರು. ಆಸರೆಯಾದವರು ಪಿಟೀಲು ವಿದ್ವಾಂಸರಾದ ಸೋದರಮಾವ ವೆಂಕಟಸ್ವಾಮಪ್ಪನವರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರ ಶಿಷ್ಯತ್ವ ದೊರೆಯಿತು. ಅವರು ವಾಲಾಜಪೇಟೆ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಹೀಗಾಗಿ ತ್ಯಾಗರಾಜರ ಕೃತಿಗಳು ಬಾಲೆಗೆ ನೇರ ಪರಂಪರೆಯಿಂದಲೇ ಒದಗಿದವು. ಜೊತೆಗೆ ನೃತ್ಯ, ಕನ್ನಡ, ತೆಲುಗು, ಇಂಗ್ಲಿಷ್ ಬೇರೆ! ನಮಗೆ ಒಂದು ಭಾಷೆಯ ಪರೀಕ್ಷೆಗೇ ತಲೆನೋವು.

ಹದಿಹರೆಯದಲ್ಲೇ ರಂಗವೇರಿದ ನಾಗರತ್ನಮ್ಮನವರು ಮುಂದೆ ಮೈಸೂರಿನ ಅರಮನೆಯಲ್ಲಿಯೂ ಹಾಡಿದರು. ತಾಯಿಯ ಪಣ ನೆರವೇರಿತು. 1903ರ ಸುಮಾರಿಗೆ ಮದರಾಸಿನಲ್ಲಿ ನೆಲೆಸಿ, ಕಚೇರಿಗಳಿಂದ ಕೀರ್ತಿಯನ್ನೂ ಹಣವನ್ನೂ ಗಳಿಸಿದರು. ಪಾಂಡಿತ್ಯವೂ ಸುಮ್ಮನಿರಲಿಲ್ಲ. ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೊಲಗಿದ್ದು 1947ರಲ್ಲಿ.

1921ರ ಹೊತ್ತಿಗೆ ತ್ಯಾಗರಾಜರ ಸಮಾಧಿ ಪಾಳುಬಿದ್ದಿತ್ತು. ನಾಗರತ್ನಮ್ಮನವರು ಸ್ಥಳವನ್ನು ಪಡೆದು, ಒಡವೆಗಳನ್ನು ಮಾರಿ, 1925ರಲ್ಲಿ ಗುಡಿಯ ಪ್ರತಿಷ್ಠೆ ನೆರವೇರಿಸಿದರು. ಆದರೆ ಆರಾಧನೆ ನಡೆಸುತ್ತಿದ್ದ ಪುರುಷರ ಪಂಗಡಗಳು ಹೆಂಗಸರಿಗೆ ಅಲ್ಲಿ ಹಾಡಲು ಅವಕಾಶ ಕೊಡಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡುವ ಹಕ್ಕಿಲ್ಲ! ಇದನ್ನು ಓದಿದಾಗ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ಅವರು ಮಾತ್ರ ಜಗಳಕ್ಕೆ ನಿಲ್ಲದೆ, 1927ರಿಂದ ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಆರಾಧನೆ ಆರಂಭಿಸಿದರು. ಪಂಗಡಗಳೆಲ್ಲ ಒಂದಾಗಲು 1940ರ ಸುಮಾರಿನವರೆಗೆ ಕಾಯಬೇಕಾಯಿತು.

1952ರಲ್ಲಿ ಅವರು ತೀರಿಕೊಂಡರು. ತ್ಯಾಗರಾಜರ ಸನ್ನಿಧಿಯ ಬಳಿಯೇ ಅವರ ಸಮಾಧಿಯಿದೆ. ಅವರ ಮೂರ್ತಿ ಗುಡಿಯತ್ತ ಮುಖಮಾಡಿ ಕುಳಿತಿದೆ. ಈ ವರ್ಷ ರೇಡಿಯೋದಲ್ಲಿ ಗಂಡಸರ ದನಿಗಳೊಡನೆ ಹೆಂಗಸರ ದನಿಗಳೂ ಕೂಡಿ ಬಂದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ ರೇಡಿಯೋವಿನ ದನಿ ಸ್ವಲ್ಪ ಜೋರು ಮಾಡಲು ಹೇಳಿದರು.