ನಾಲ್ಕು ವರ್ಷಕ್ಕೇ ಕೆಲಸಕ್ಕೆ ಸೇರಿದ ತಿಪಟೂರಿನ ಹುಡುಗ

ತಿಪಟೂರು ಅಂದಕೂಡಲೇ ಹೊರಗಿನವರಿಗೆ ನೆನಪಾಗೋದು ಎರಡು. ಒಂದು ಉಂಡೆ ಕೊಬ್ಬರಿ. ಇನ್ನೊಂದು ನರಸಿಂಹರಾಜು. ಕೊಬ್ಬರಿ ಬೆಲೆ ಇವತ್ತು ಏರುತ್ತೆ, ನಾಳೆ ಇಳಿಯುತ್ತೆ. ನರಸಿಂಹರಾಜು ಬೆಲೆ ಮಾತ್ರ ಅವರು ತೀರಿಕೊಂಡ 1979ರಿಂದ ಇಲ್ಲೀವರೆಗೆ ಇಳಿದದ್ದೇ ಇಲ್ಲ. ಟೀವೀಲಿ ಹಳೇ ಕಪ್ಪು ಬಿಳುಪು ಪಿಕ್ಚರ್ ಬಂದು, ಆ ಸಣಕಲು ಮೈ, ಮುಂದೆ ಬಂದ ಹಲ್ಲು ಕಂಡರೆ ಸಾಕು, ಅಂಗಡೀಲಿ ತಕ್ಕಡಿ ಹಿಡಿದ ಕೈ ಒಂದು ಗಳಿಗೆ ಹಾಗೇ ನಿಲ್ಲುತ್ತೆ.

ಆದರೆ ಜನರನ್ನ ನಗಿಸಿದ ಪುಣ್ಯಾತ್ಮ ಅಂತ ಹೇಳಿ ಕೈ ಮುಗಿದುಬಿಟ್ಟರೆ ಅರ್ಧ ಕಥೆ ಬಿಟ್ಟ ಹಾಗಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಒಂದೇ ಚಿಂತೆ. ಓದು ಅರ್ಧಕ್ಕೆ ನಿಂತ ಹುಡುಗನಿಗೆ, ಏನೂ ಅನುಭವ ಇಲ್ಲದ ಹುಡುಗಿಗೆ ಯಾರು ಕೆಲಸ ಕೊಡ್ತಾರೆ? ಕೊಟ್ಟರೂ ಹತ್ತು ವರ್ಷ ಆದಮೇಲೂ ಅದೇ ಸ್ಟೂಲಿನ ಮೇಲೇ ಕೂತಿರಬೇಕಾ? ನರಸಿಂಹರಾಜು ಬದುಕನ್ನ ಈ ಪ್ರಶ್ನೆ ಇಟ್ಟುಕೊಂಡು ಒಂದು ಸಲ ನೋಡೋಣ.

ಬಾಲನಟನ ಕೆಲಸ

ಹುಟ್ಟಿದ್ದು 1923ರಲ್ಲಿ, ಇದೇ ತಿಪಟೂರಿನಲ್ಲಿ. ಪೂರ್ತಿ ಹೆಸರು ತಿಪಟೂರು ರಾಮರಾಜು ನರಸಿಂಹರಾಜು. ಊರ ಹೆಸರು, ಅಪ್ಪನ ಹೆಸರು ಎರಡನ್ನೂ ಕೊನೇವರೆಗೂ ಹೊತ್ತುಕೊಂಡು ತಿರುಗಿದ ಮನುಷ್ಯ. ಆಸ್ತಿ ಪಾಸ್ತಿ ಇದ್ದ ಮನೆತನವಲ್ಲ. ನೆಂಟರೇ ಆದ ಲಕ್ಷ್ಮೀಪತಿರಾಜು ಅನ್ನೋರು ಈ ಹುಡುಗನನ್ನ ನಾಲ್ಕನೇ ವಯಸ್ಸಿಗೇ ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾಕ್ಕೆ ಸೇರಿಸಿದರು.

ನಾಲ್ಕು ವರ್ಷದ ಕೂಸಿಗೆ ಅನುಭವ ಎಲ್ಲಿಂದ ಬರಬೇಕು? ಕಂಪನಿಯವರು ಅದನ್ನ ಕೇಳುತ್ತಲೂ ಇರಲಿಲ್ಲ. ಅವರಿಗೆ ಬೇಕಾಗಿದ್ದು ಹರಿಶ್ಚಂದ್ರನ ಮಗ ಲೋಹಿತಾಶ್ವ, ಹಿರಣ್ಯಕಶಿಪುವಿನ ಮಗ ಪ್ರಹ್ಲಾದ, ಯಮನಿಗೆ ಹೆದರದ ಮಾರ್ಕಂಡೇಯ, ಬೆಣ್ಣೆ ಕದಿಯೋ ಕೃಷ್ಣ. ಪೌರಾಣಿಕ ನಾಟಕ ಅಂದಮೇಲೆ ಒಬ್ಬ ಚಿಕ್ಕ ಹುಡುಗ ಬೇಕೇ ಬೇಕು. ಆ ಕಾಲದ ನಾಟಕ ಶುರುವಾಗೋದು ರಾತ್ರಿ ಊಟ ಆದಮೇಲೆ, ಮುಗಿಯೋದು ಕೋಳಿ ಕೂಗೋ ಹೊತ್ತಿಗೆ. ಬಾಲನಟ ಆದವನು ಪರದೆ ಹಿಂದೆ ನಿದ್ದೆ ಹೊಡೆಯುತ್ತಿದ್ದರೂ ತನ್ನ ಸೀನು ಬಂದಾಗ ಎದ್ದು, ಮಾತು ತಪ್ಪದೆ ಆಡಿ, ಹಾಡಿ, ಮತ್ತೆ ಬಂದು ಮಲಗಬೇಕು.

ಇವತ್ತು ಹಾಗೆ ಮಾಡಿದರೆ ಕೇಸು ಬೀಳುತ್ತೆ, ಬೀಳಬೇಕು ಕೂಡ. 1986ರ ಬಾಲಕಾರ್ಮಿಕ ಕಾಯ್ದೆ, ಅದಕ್ಕೆ 2016ರಲ್ಲಿ ಆದ ತಿದ್ದುಪಡಿ, ಎರಡೂ ಇರೋದು 14 ವರ್ಷದೊಳಗಿನ ಮಕ್ಕಳು ದುಡಿಮೆಗೆ ಬೀಳದಿರಲಿ ಅಂತಲೇ. ಸ್ಲೇಟು ಬಳಪ ಹಿಡಿಯಬೇಕಾದ ವಯಸ್ಸಿನಲ್ಲಿ ಈ ಹುಡುಗ ಬಣ್ಣ ಬಳಿದುಕೊಂಡಿದ್ದ. ಅದನ್ನ ಹೊಗಳೋ ಅಗತ್ಯವಿಲ್ಲ. ಆದರೆ ಅವನು ಕಾಲಿಟ್ಟ ಜಾಗ ಎಂಥದ್ದು, ಅಲ್ಲಿ ಕೆಲಸ ಹೇಗೆ ಕಲಿಸುತ್ತಿದ್ದರು ಅನ್ನೋದನ್ನ ನೋಡಲೇಬೇಕು.

ಕಂಪನಿ ಅನ್ನೋ ಕಾರ್ಖಾನೆ

ನಾಟಕ ಕಂಪನಿ ಅಂದರೆ ಬಣ್ಣ ಹಚ್ಚಿದವರು ಮಾತ್ರ ಅಲ್ಲ. ಊರಿಂದ ಊರಿಗೆ ಕ್ಯಾಂಪು ಹಾಕಿಕೊಂಡು ಹೋಗೋ ಒಂದು ದೊಡ್ಡ ಸಂಸಾರ ಅದು. ಗೇಟು ಕಾಯೋನು ಒಬ್ಬ. ಟಿಕೆಟ್ ಹರಿಯೋನು ಒಬ್ಬ. ಪರದೆ ಎಳೆಯೋಕೆ, ದೀಪಕ್ಕೆ ಗಾಳಿ ಹೊಡೆಯೋಕೆ, ಊರೆಲ್ಲಾ ಹ್ಯಾಂಡ್‌ಬಿಲ್ ಹಂಚೋಕೆ, ಸೀನು ಬರೆಯೋಕೆ, ಪೆಟ್ಟಿಗೆ ಹೊರೋಕೆ, ನೂರು ಜನಕ್ಕೆ ಅಡಿಗೆ ಮಾಡೋಕೆ, ಎಲ್ಲಕ್ಕೂ ಆಳು ಬೇಕು. ಇದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಓದು ಬರಹವೂ ಬೇಕಿರಲಿಲ್ಲ, ಅನುಭವವೂ ಬೇಕಿರಲಿಲ್ಲ. ಹೊಟ್ಟೆಗೆ ಊಟ, ಮಲಗೋಕೆ ಚಾಪೆ, ಕೈಗೆ ಒಂದಿಷ್ಟು ಕಾಸು.

ಗಮನಿಸಬೇಕಾದ್ದು ಇದರ ಮುಂದಿನ ಮಾತು. ಪರದೆ ಎಳೆಯೋ ಹುಡುಗ ದಿನಾ ರಾತ್ರಿ ಅದೇ ನಾಟಕ ನೋಡಿ ನೋಡಿ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡುಬಿಡುತ್ತಿದ್ದ. ಬೆಳಗಾದರೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಹಾಡಿನ ಪಾಠ, ಕಂದಪದ್ಯದ ಪಾಠ. ಒಂದು ದಿನ ಮಂತ್ರಿ ಪಾತ್ರದವನಿಗೆ ಜ್ವರ ಬಂತು ಅನ್ನಿ, ಟಿಕೆಟ್ ಆಗಲೇ ಮಾರಿಯಾಗಿದೆ, ನಾಟಕ ನಿಲ್ಲಿಸೋ ಹಾಗಿಲ್ಲ. ಆಗ ಯಾರಿಗೆ ಮಾತು ಬರುತ್ತೋ ಅವನ ಮೈಮೇಲೆ ಮಂತ್ರಿ ಅಂಗಿ ಬೀಳುತ್ತಿತ್ತು. ಚೆನ್ನಾಗಿ ಮಾಡಿದರೆ ಮುಂದಿನ ಕ್ಯಾಂಪಿನಲ್ಲಿ ಅವನಿಗೊಂದು ಸಣ್ಣ ಪಾತ್ರ ಖಾಯಂ. ಪಾತ್ರ ದೊಡ್ಡದಾದ ಹಾಗೆ ಸಂಬಳವೂ ದೊಡ್ಡದಾಗುತ್ತಿತ್ತು.

ಇದು ಅಂತೆಕಂತೆ ಅಲ್ಲ. ರೈಲಿನಲ್ಲಿ ಬೆಂಗಳೂರ ಕಡೆ ಹೊರಟರೆ ದಾರೀಲಿ ಸಿಗೋ ನಮ್ಮ ಗುಬ್ಬಿಯನ್ನೇ ತಗೊಳ್ಳಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಗೆ 1891ರಲ್ಲಿ ಹುಟ್ಟಿದ ವೀರಣ್ಣ ಸೇರಿದ್ದು ಹುಡುಗನಾಗಿದ್ದಾಗಲೇ. 1917ರ ಹೊತ್ತಿಗೆ ಅದೇ ಕಂಪನಿಯ ಯಜಮಾನ. ಎಳೇ ವಯಸ್ಸಿಗೇ ಅಲ್ಲಿಗೆ ಹೋದ ಇನ್ನೊಬ್ಬ ಹುಡುಗ ಜಿ.ವಿ. ಅಯ್ಯರ್, ಮುಂದೆ 1983ರಲ್ಲಿ ಸಂಸ್ಕೃತದ ಮೊದಲ ಸಿನಿಮಾ ಆದಿ ಶಂಕರಾಚಾರ್ಯ ತೆಗೆದರು. ಅಪ್ಪ ಪುಟ್ಟಸ್ವಾಮಯ್ಯನವರ ಜತೆ ಅದೇ ಕಂಪನೀಲಿ ಬೆಳೆದ ಮುತ್ತುರಾಜು, ಮುಂದೆ ರಾಜ್‌ಕುಮಾರ್ ಆದರು. ಒಂದೇ ಕಂಪನಿಯ ಲೆಕ್ಕ ಇದು ಸ್ವಾಮಿ.

ದನಿ ಒಡೆದಾಗ

ಹಾಗಂತ ಈ ಮೆಟ್ಟಿಲು ಹತ್ತೋದು ಸಲೀಸಾಗಿರಲಿಲ್ಲ. ಬಾಲನಟನ ಕೆಲಸಕ್ಕೆ ಒಂದು ಅವಧಿ ಇರುತ್ತೆ. ಹದಿಮೂರು ಹದಿನಾಲ್ಕಕ್ಕೆ ದನಿ ಒಡೆಯುತ್ತೆ, ಮೀಸೆ ಚಿಗುರುತ್ತೆ. ಆಗ ಪ್ರಹ್ಲಾದನೂ ಆಗೋ ಹಾಗಿಲ್ಲ, ಹಿರಣ್ಯಕಶಿಪುವೂ ಆಗೋ ಹಾಗಿಲ್ಲ. ಎಷ್ಟೋ ಹುಡುಗರು ಈ ತಿರುವಿನಲ್ಲೇ ಕಂಪನಿ ಬಿಟ್ಟು ಊರು ಸೇರಿ, ಓದೂ ಇಲ್ಲದೆ, ಬೇರೆ ಕಸುಬೂ ಇಲ್ಲದೆ ಕೈ ಕೈ ಹಿಸುಕಿಕೊಂಡಿದ್ದುಂಟು.

ನರಸಿಂಹರಾಜು ಊರಿಗೆ ವಾಪಸ್ ಬರಲಿಲ್ಲ. ಕಂಪನಿಯಿಂದ ಕಂಪನಿಗೆ ಅಲೆದರು. ಹಿರಣ್ಣಯ್ಯನವರ ಮಿತ್ರ ಮಂಡಳಿ, ಎಡತೊರೆ ಕಂಪನಿ ಹೀಗೆ ಹಲವು ಕಡೆ ಉಂಡರು, ಹಲವು ಕಡೆ ಬಣ್ಣ ಹಚ್ಚಿದರು. ಈ ಅಲೆದಾಟದಲ್ಲೇ ಒಂದು ವಿಷಯ ಗೊತ್ತಾಗಿರಬೇಕು. ರಾಜನ ಪಾತ್ರಕ್ಕೆ ಎದೆ ಬೇಕು, ಭುಜ ಬೇಕು, ಚೆಲುವ ಮುಖ ಬೇಕು. ಆ ಮೂರೂ ಈ ಸಣಕಲ ಹುಡುಗನಿಗೆ ದೇವರು ಕೊಟ್ಟಿರಲಿಲ್ಲ. ಕೊಟ್ಟಿದ್ದು ಉದ್ದ ಹಲ್ಲು, ಕಡ್ಡಿಯಂಥ ಕೈಕಾಲು. ಬೇರೆಯವರು ಹಣೆಬರಹ ಅಂತ ಕೂತುಬಿಡುತ್ತಿದ್ದರು. ಇವರು ಅದನ್ನೇ ಬಂಡವಾಳ ಮಾಡಿಕೊಂಡರು.

ಕೊನೆಗೆ ಬಂದು ಸೇರಿದ್ದು ಗುಬ್ಬಿ ಕಂಪನಿಗೆ. ಅಲ್ಲಿ ಯಜಮಾನರೇ ದೊಡ್ಡ ಹಾಸ್ಯಗಾರ. ಸದಾರಮೆ ನಾಟಕದಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಧಣಿಯೇ ಕಸುಬುದಾರ ಆಗಿದ್ದ ಕಡೆ ಆಳಿಗೆ ಕಲಿಯೋಕೆ ತಡವಾಗೋಲ್ಲ. ಮಾತು ಎಲ್ಲಿ ತಡೆದು ಬಿಡಬೇಕು, ಜನ ನಗುವಾಗ ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು, ಎದುರು ಪಾತ್ರದವನ ಸೀನು ಕೆಡಿಸದೆ ತನ್ನ ಕೆಲಸ ಹೇಗೆ ಮಾಡಬೇಕು, ಇವೆಲ್ಲಾ ಪುಸ್ತಕದಲ್ಲಿ ಸಿಗೋ ವಿದ್ಯೆ ಅಲ್ಲ.

ಮೂವತ್ತೊಂದಕ್ಕೆ ಮತ್ತೆ ಹೊಸಬ

ಬೇಡರ ಕಣ್ಣಪ್ಪ ನಾಟಕದಲ್ಲಿ ಪೂಜಾರಿ ಕೈಲಾಸನಾಥ ಶಾಸ್ತ್ರಿಯ ಮಗ ಕಾಶಿ ಅಂತ ಒಂದು ಪಾತ್ರ. ನರಸಿಂಹರಾಜು ಅದನ್ನ ಮಾಡುತ್ತಿದ್ದರು. ಅದೇ ನಾಟಕವನ್ನ ಎಚ್.ಎಲ್.ಎನ್. ಸಿಂಹ ಸಿನಿಮಾ ಮಾಡಿದಾಗ ಕಾಶಿ ಪಾತ್ರ ನರಸಿಂಹರಾಜು ಅವರಿಗೇ ಬಂತು. ಕಣ್ಣಪ್ಪನಾಗಿ ರಾಜ್‌ಕುಮಾರ್. ಚಿತ್ರ ತೆರೆಗೆ ಬಂದದ್ದು 1954ರಲ್ಲಿ.

ಲೆಕ್ಕ ಹಾಕಿ ನೋಡಿ. ಸಿನಿಮಾದವರ ಪುಸ್ತಕದಲ್ಲಿ ಇವರು ಹೊಸಬರು, ಕ್ಯಾಮೆರಾ ಮುಂದೆ ನಿಂತ ಅನುಭವ ಸೊನ್ನೆ. ಆದರೆ ಬೆನ್ನ ಹಿಂದೆ ಸುಮಾರು 27 ವರ್ಷದ ರಂಗದ ದುಡಿಮೆ ಇತ್ತು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಹೇಗೆ ಕೈ ಹಿಡಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಚಿತ್ರ ಗೆದ್ದಿತು, ಆದರೆ ಅನ್ನದ ಚಿಂತೆ ತೀರಲಿಲ್ಲ. ಆಗ ಕನ್ನಡದಲ್ಲಿ ವರ್ಷಕ್ಕೆ ಬರುತ್ತಿದ್ದ ಪಿಕ್ಚರುಗಳನ್ನ ಕೈಬೆರಳಲ್ಲಿ ಎಣಿಸಬಹುದಿತ್ತು. ಶೂಟಿಂಗೆಲ್ಲಾ ಮದ್ರಾಸಿನಲ್ಲಿ. ಕೆಲಸ ಇಲ್ಲದ ದಿನವೇ ಜಾಸ್ತಿ. ಆಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ ಮತ್ತೆ ನಾಟಕ ಆಡಿಕೊಂಡು ಊರೂರು ತಿರುಗಿದರು. ಇದರಲ್ಲಿ ಬಾಲಕೃಷ್ಣ ನಮ್ಮ ಪಕ್ಕದ ಅರಸೀಕೆರೆಯವರು, ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಂದೇ ರೈಲು ದಾರಿಯ ಎರಡು ಊರಿನ ಈ ಜೋಡಿ ಮುಂದೆ ಕನ್ನಡ ನಾಡನ್ನೆಲ್ಲಾ ನಗಿಸಿತು. ಈ ನಾಲ್ವರೂ ಸೇರಿ 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನೂ ತೆಗೆದರು. ಆಳಾಗಿ ಬಂದವರು ತಾವೇ ಧಣಿಗಳಾದರು.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರೋ ಕಥೆ. ನರಸಿಂಹರಾಜು ಇಲ್ಲದ ಪಿಕ್ಚರ್ ಓಡೋಲ್ಲ ಅನ್ನೋ ಕಾಲ ಬಂತು. ಮೊದಲು ನರಸಿಂಹರಾಜು ಅವರ ಡೇಟ್ ಹಿಡಿದು ಆಮೇಲೆ ಮಿಕ್ಕವರ ಹತ್ತಿರ ಹೋಗುತ್ತಿದ್ದರು ಅಂತ ಗಾಂಧಿನಗರದಲ್ಲಿ ಹೇಳೋದುಂಟು. 1965ರ ಸತ್ಯ ಹರಿಶ್ಚಂದ್ರದಲ್ಲಿ ರಾಜನ ಬೆನ್ನು ಹತ್ತಿ ಸಾಲ ಕೇಳೋ ನಕ್ಷತ್ರಿಕನಾಗಿ ಬಂದರು. ಒಂದು ಕಾಲಕ್ಕೆ ಇದೇ ಕಥೆಯಲ್ಲಿ ಲೋಹಿತಾಶ್ವನಾಗಿ ಕಾಡಿನಲ್ಲಿ ಮಲಗುತ್ತಿದ್ದ ಹುಡುಗ! ಅದೇ ನಾಟಕ, ಮೆಟ್ಟಿಲು ಮಾತ್ರ ಬೇರೆ. 1974ರಲ್ಲಿ ತಾವೇ ದುಡ್ಡು ಹಾಕಿ ಪ್ರೊಫೆಸರ್ ಹುಚ್ಚುರಾಯ ಚಿತ್ರ ತೆಗೆದು, ಹುಚ್ಚುರಾಯನ ಪಾತ್ರವನ್ನೂ ಮಾಡಿದರು. 1979ರ ಜುಲೈನಲ್ಲಿ ತೀರಿಕೊಂಡಾಗ ಇನ್ನೂ 60 ಕೂಡ ತುಂಬಿರಲಿಲ್ಲ. ಹಾಸ್ಯ ಚಕ್ರವರ್ತಿ ಅನ್ನೋ ಹೆಸರು ಇವತ್ತಿಗೂ ಅವರದ್ದೇ.

ನಮ್ಮಲ್ಲಿ ಮೆಟ್ಟಿಲು ಎಲ್ಲಿ?

ಎಲ್ಲರೂ ನರಸಿಂಹರಾಜು ಆಗೋಕಾಗಲ್ಲ, ನಿಜ. ಆದರೆ ಅವರ ಬದುಕಿನಿಂದ ಅಂಗಡಿ ಇಟ್ಟವರೂ, ಕೆಲಸ ಹುಡುಕೋರೂ ಕಲಿಯೋ ಪಾಠ ಒಂದಿದೆ. ಮೊದಲ ಕೆಲಸ ಸಣ್ಣದಿದ್ದರೆ ತಪ್ಪಿಲ್ಲ. ಆದರೆ ಅದರ ಮೇಲೆ ಇನ್ನೊಂದು ಮೆಟ್ಟಿಲು ಇರಬೇಕು, ಆ ಮೆಟ್ಟಿಲು ತೋರಿಸೋ ಒಬ್ಬ ಮನುಷ್ಯ ಇರಬೇಕು.

ನಮ್ಮ ಕೊಬ್ಬರಿ ಮಂಡಿಗಳನ್ನೇ ನೋಡಿ. ಹರಾಜಿನ ದಿನ ಎಷ್ಟು ಕೈ ಇದ್ದರೂ ಸಾಲದು. ಚೀಲ ಎತ್ತೋಕೆ, ಸುರಿಯೋಕೆ, ತೂಕ ಹಾಕೋಕೆ ಹುಡುಗರು ಬರ್ತಾರೆ, ಅನುಭವ ಯಾರೂ ಕೇಳಲ್ಲ. ಆದರೆ ಕೊಬ್ಬರಿ ಕೈಗೆತ್ತಿಕೊಂಡು ಬಣ್ಣ, ಗಾತ್ರ ನೋಡಿ ದರ್ಜೆ ಹೇಳೋದು ಒಂದು ವಿದ್ಯೆ. ಲೆಕ್ಕ ಬರೆಯೋದು ಒಂದು ವಿದ್ಯೆ. ಹೊರರಾಜ್ಯದ ಖರೀದಿದಾರರ ಹತ್ತಿರ ಮಾತಾಡೋದು ಇನ್ನೊಂದು. ಚೀಲ ಎತ್ತೋ ಹುಡುಗನಿಗೆ ಇದನ್ನೆಲ್ಲಾ ಹೇಳಿಕೊಡೋ ಮಂಡಿಯವರು ಎಷ್ಟು ಜನ ಇದ್ದಾರೆ? ಕಲಿತರೆ ಬಿಟ್ಟು ಹೋಗ್ತಾನೆ ಅನ್ನೋ ಭಯ ಕೆಲವರಿಗೆ. ಕಲಿಸದಿದ್ದರೂ ಅವನು ಬಿಟ್ಟೇ ಹೋಗ್ತಾನೆ, ಬೆಂಗಳೂರಿನ ಬಸ್ಸು ಹತ್ತಿ.

ಮರ ಹತ್ತೋ ಕೆಲಸಕ್ಕೂ ಇದೇ ಮಾತು. ಕಾಯಿ ಕೀಳೋರು ಸಿಗಲ್ಲ ಅಂತ ತೋಟದವರೆಲ್ಲಾ ಗೋಳಾಡ್ತಾರೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಅನ್ನೋ ತರಬೇತಿ ಶುರು ಮಾಡಿತು. ಮರವನ್ನೇ ಹತ್ತಿ ಗೊತ್ತಿಲ್ಲದವರಿಗೂ ಆರು ದಿನದಲ್ಲಿ ಯಂತ್ರ ಕಟ್ಟಿಕೊಂಡು ಹತ್ತೋದು ಕಲಿಸಿ, ಜತೆಗೆ ಸುಳಿ ಸ್ವಚ್ಛ ಮಾಡೋದು, ರೋಗ ಹುಳ ಗುರುತಿಸೋದು ಹೇಳಿಕೊಟ್ಟರು. ಬರೀ ಹತ್ತೋನು ಕೂಲಿಯವನು. ಮರದ ಕಾಯಿಲೆ ಗೊತ್ತಿದ್ದೋನನ್ನ ತೋಟದವರು ಮನೆಗೆ ಬಂದು ಕರೆದುಕೊಂಡು ಹೋಗ್ತಾರೆ. ವ್ಯತ್ಯಾಸ ಅಷ್ಟೇ.

ಕೆಲಸಕ್ಕೆ ಸೇರೋ ಹುಡುಗ ಹುಡುಗಿಯರೂ ಸಂಬಳ ಎಷ್ಟು ಅಂತ ಕೇಳೋ ಜತೆಗೆ ಇನ್ನೊಂದು ಮಾತು ಕೇಳಲಿ. ಎರಡು ವರ್ಷ ಆದಮೇಲೆ ಇಲ್ಲಿ ನನಗೆ ಏನು ಬರುತ್ತೆ, ಯಾರು ಹೇಳಿಕೊಡ್ತಾರೆ ಅಂತ. ಅದಕ್ಕೆ ಉತ್ತರ ಇಲ್ಲದ ಕಡೆ ಹೆಚ್ಚು ದಿನ ನಿಲ್ಲೋದು ಬೇಡ. ಉತ್ತರ ಇರೋ ಕಡೆ ಸಂಬಳ ನಾಲ್ಕು ಕಾಸು ಕಮ್ಮಿ ಆದರೂ ನಿಲ್ಲಬಹುದು. ಮಾಲೀಕರೂ ವೀರಣ್ಣನವರನ್ನ ಒಂದು ಸಲ ನೆನೆಸಿಕೊಳ್ಳಲಿ. ಕಲಿಸಿದವರೆಲ್ಲಾ ಕಂಪನಿ ಬಿಟ್ಟು ಸಿನಿಮಾಕ್ಕೆ ಹೋದರು ಅಂತ ಅವರ ಹೆಸರು ಸಣ್ಣದಾಗಲಿಲ್ಲ. ರಾಜ್‌ಕುಮಾರ್, ಅಯ್ಯರ್, ನರಸಿಂಹರಾಜು ಹೆಸರು ಬಂದಲ್ಲೆಲ್ಲಾ ಗುಬ್ಬಿ ಹೆಸರೂ ಬರುತ್ತೆ. ಗಲ್ಲಾಪೆಟ್ಟಿಗೆಯಲ್ಲಿ ಇಡೋಕಾಗದ ಸಂಪಾದನೆ ಅಂದರೆ ಅದೇ.